ಫಲಕ ನಮ್ಮೂರಲ್ಲಿ, ಸ್ವಿಚ್ಚು ಎಲ್ಲಿ?

ಪ್ರಶ್ನೆ: ನಾನು ಜೇವರ್ಗಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯ. ಊರಿಗೆ ಬೇಕಾದ ಕರೆಂಟನ್ನು ಊರಲ್ಲೇ ಸೌರಫಲಕಗಳಿಂದ ತಯಾರಿಸಿಕೊಂಡು ಜೆಸ್ಕಾಂ (ನಮ್ಮ ಭಾಗದ ವಿದ್ಯುತ್ ವಿತರಣಾ ಕಂಪನಿ) ಹಂಗಿಲ್ಲದೆ ಇರೋಣ ಎಂದು ನಮ್ಮಲ್ಲಿ ಕೆಲವರು ಹೇಳುತ್ತಿದ್ದಾರೆ. ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ನನ್ನ ಅಳಿಯ ಇದನ್ನು ಹುಚ್ಚು ಎನ್ನುತ್ತಾನೆ. ದೇಶಕ್ಕೆಲ್ಲ ಒಂದೇ ವಿದ್ಯುತ್ ಜಾಲ ಇರುವುದರಲ್ಲೇ ಲಾಭವಿದೆ ಎಂಬುದು ಅವನ ವಾದ. ಮಾತು ಬೆಳೆದು ಸರ್ಕಾರ, ಮೊಬೈಲು, ಆಧಾರ್ ಎಲ್ಲಕ್ಕೂ ಹಬ್ಬಿತು. ಅಧಿಕಾರ ಒಂದೆಡೆ ಇರುವುದು ಒಳ್ಳೆಯದೋ, ಹಂಚಿಹೋಗುವುದು ಒಳ್ಳೆಯದೋ? ಪಂಚಾಯಿತಿ ಈಗ ಏನು ಮಾಡಬೇಕು?

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಒಂದು ವಸ್ತು ಎಲ್ಲಿ ತಯಾರಾಗುತ್ತದೆ ಎಂಬುದು ಮೊದಲನೆಯದು. ಅದು ಯಾವಾಗ ನಡೆಯಬೇಕು, ಯಾವಾಗ ನಿಲ್ಲಬೇಕು, ಅದರ ಲೆಕ್ಕವನ್ನು ಯಾರು ಬರೆಯಬೇಕು ಎಂದು ನಿರ್ಧರಿಸುವವರು ಯಾರು ಎಂಬುದು ಎರಡನೆಯದು. ಮೊದಲನೆಯದು ಕೈಗೆ ಬಂದರೆ ಎರಡನೆಯದೂ ತಾನಾಗಿ ಬರುತ್ತದೆ ಎಂದು ನಿಮ್ಮ ಊರಿನವರು ಭಾವಿಸಿದ್ದಾರೆ. ಮೊದಲನೆಯದರಲ್ಲಿ ಉಳಿತಾಯವಾಗುವುದಾದರೆ ಎರಡನೆಯದನ್ನು ಬಿಟ್ಟುಕೊಟ್ಟರೂ ನಷ್ಟವಿಲ್ಲವೆಂದು ನಿಮ್ಮ ಅಳಿಯಂದಿರು ಭಾವಿಸಿದ್ದಾರೆ. ಕಲಬುರಗಿಯಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪಾಠ ಹೇಳುತ್ತ ಬಹುಕಾಲ ಕಳೆದವನಾದ್ದರಿಂದ ನಾನು ವಿದ್ಯುತ್ತಿನಿಂದಲೇ ಆರಂಭಿಸುತ್ತೇನೆ. ಅಲ್ಲಿ ಈ ಎರಡರ ನಡುವಿನ ಅಂತರವನ್ನು ಮೀಟರಿನಲ್ಲೇ ಓದಬಹುದು.

ನಮ್ಮ ಬಡಾವಣೆಯ ಪರಿಚಿತರೊಬ್ಬರು ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಹಾಯಧನ ಪಡೆದು ಮನೆಯ ಮೇಲೆ ಮೂರು ಕಿಲೋವಾಟ್ ಫಲಕಗಳನ್ನು ಹಾಕಿಸಿದರು. ಬೇಸಿಗೆಯ ಒಂದು ಮಧ್ಯಾಹ್ನ, ಬಿಸಿಲು 42 ಡಿಗ್ರಿ ದಾಟಿದ್ದ ಹೊತ್ತಿನಲ್ಲಿ, ಬಡಾವಣೆಗೆ ವಿದ್ಯುತ್ತು ತರುವ ಲೈನು, ಅಂದರೆ ಫೀಡರ್, ಕೈಕೊಟ್ಟಿತು. ಅವರ ಮನೆಯ ಕೂಲರ್ ಕೂಡ ನಿಂತಿತು. ತಕ್ಷಣ ನನಗೆ ಫೋನು ಬಂತು: "ಮಾಳಗಿ ನಂದು, ರೊಕ್ಕ ನಂದು, ಮ್ಯಾಲ ಬಿಸಿಲು ಸುಡ್ಲಾಕತ್ತದ; ಕರೆಂಟ್ ಯಾಕ ಹೋಯ್ತ್ರಿ ಸರ?" ಅವರ ಸಿಟ್ಟು ನ್ಯಾಯವಾದದ್ದೇ, ಆದರೆ ಯಂತ್ರ ಕೆಟ್ಟಿರಲಿಲ್ಲ. ಬ್ಯಾಟರಿ ಇಲ್ಲದೆ ಜಾಲಕ್ಕೆ ಜೋಡಿಸಿದ ಇನ್ವರ್ಟರ್, ಹೊರಗಿನ ತಂತಿಯಲ್ಲಿ ವಿದ್ಯುತ್ತು ಇಲ್ಲವೆಂದು ತಿಳಿದ ಕ್ಷಣವೇ ತನ್ನನ್ನು ತಾನು ನಿಲ್ಲಿಸಿಕೊಳ್ಳುವಂತೆ ಮಾಡಲಾಗಿರುತ್ತದೆ. ಇದಕ್ಕೆ ಕಾರಣ ಕಂಬದ ಮೇಲಿರುವ ಲೈನ್‌ಮನ್. ಲೈನು ಬಂದ್ ಆಗಿದೆ ಎಂದು ನಂಬಿ ಆತ ತಂತಿ ಮುಟ್ಟಿದಾಗ ಯಾರದೋ ಮಾಳಿಗೆಯಿಂದ ವಿದ್ಯುತ್ತು ಹಿಂದಕ್ಕೆ ಹರಿದರೆ ಪ್ರಾಣ ಹೋಗುತ್ತದೆ. ನಿಯಮ ಸರಿಯಾಗಿಯೇ ಇದೆ. ಆದರೆ ಇದರಿಂದ ತಿಳಿಯಬೇಕಾದ ಸಂಗತಿಯೂ ಒಂದಿದೆ: ಫಲಕಗಳು ಲಕ್ಷ ಮನೆಗಳಿಗೆ ಹಂಚಿಹೋದರೂ ಅವು ನಡೆಯಲು ಬೇಕಾದ ಅಪ್ಪಣೆ ಇಂದಿಗೂ ಹೊರಗಿನ ತಂತಿಯಿಂದಲೇ ಬರುತ್ತದೆ. ಉತ್ಪಾದನೆ ವಿಕೇಂದ್ರೀಕರಣಗೊಂಡಿದೆ, ಅಧಿಕಾರ ಇದ್ದಲ್ಲೇ ಇದೆ.

ಈಗ ನಿಮ್ಮ ಅಳಿಯಂದಿರ ಪಕ್ಷಕ್ಕೆ ಬರೋಣ, ಏಕೆಂದರೆ ಅವರ ಮಾತಿನಲ್ಲಿ ತೂಕವಿದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಎರಡು ದಿನ ಒಂದರ ಹಿಂದೆ ಒಂದರಂತೆ ಕುಸಿದು, ಎರಡನೆಯ ದಿನ ಪೂರ್ವ ಮತ್ತು ಈಶಾನ್ಯ ಜಾಲಗಳನ್ನೂ ಎಳೆದುಕೊಂಡು, ಸುಮಾರು 60 ಕೋಟಿ ಜನರಿರುವ ಪ್ರದೇಶ ಕತ್ತಲಾಯಿತು. ಅಂದು ದಕ್ಷಿಣದ ಜಾಲಕ್ಕೆ ಏನೂ ಆಗಲಿಲ್ಲ, ಏಕೆಂದರೆ ಆಗ ನಾವು ಉಳಿದ ದೇಶದೊಂದಿಗೆ ಒಂದೇ ತಾಳದಲ್ಲಿ ಮಿಡಿಯುತ್ತಿರಲಿಲ್ಲ. ನೇರ ವಿದ್ಯುತ್ತಿನ (ಡಿಸಿ) ಕೆಲವೇ ಕೊಂಡಿಗಳ ಮೂಲಕ ಮಾತ್ರ ಕೊಡುಕೊಳ್ಳುವಿಕೆ ಇತ್ತು. ಇಷ್ಟಾದರೂ ಹದಿನೇಳು ತಿಂಗಳ ಬಳಿಕ, 2013ರ ಡಿಸೆಂಬರ್ 31ರಂದು, ನಮ್ಮ ಮಗ್ಗುಲಲ್ಲೇ ಇರುವ ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣವೂ ರಾಷ್ಟ್ರೀಯ ಜಾಲಕ್ಕೆ ಸೇರಿತು. ಕುಸಿತವನ್ನು ಕಣ್ಣಾರೆ ಕಂಡ ಮೇಲೂ ಸೇರಿದ್ದೇಕೆ ಎಂದು ಕೇಳಿಕೊಳ್ಳಬೇಕು. ಅತ್ತ ವಿದ್ಯುತ್ತು ಅಗ್ಗಕ್ಕೆ ಸಿಗುತ್ತಿದ್ದ ದಿನಗಳಲ್ಲೂ ದಾರಿ ಸಾಲದೆ ಇತ್ತ ಕೊರತೆ ಅನುಭವಿಸಬೇಕಾಗುತ್ತಿತ್ತು. ಜಾಲ ದೊಡ್ಡದಾದಷ್ಟೂ ಒಬ್ಬರ ಕೊರತೆಯನ್ನು ಇನ್ನೊಬ್ಬರ ಹೆಚ್ಚಳ ತುಂಬುತ್ತದೆ: ಗದಗ, ಚಿತ್ರದುರ್ಗಗಳ ಗಾಳಿ ಮಳೆಗಾಲದಲ್ಲಿ ಬಲವಾಗಿ ಬೀಸುತ್ತದೆ, ಪಾವಗಡದ ಬಿಸಿಲು ಮಧ್ಯಾಹ್ನಕ್ಕೆ ಒದಗುತ್ತದೆ, ಶರಾವತಿಯ ನೀರನ್ನು ಸಂಜೆಯ ಹೊತ್ತಿಗೆ ಕಾದಿರಿಸಬಹುದು. ಶಕ್ತಿನಗರದ 1,720 ಮೆಗಾವಾಟ್ ಸ್ಥಾವರಕ್ಕೆ ಕಲ್ಲಿದ್ದಲು ತರುವ ರೈಲು ತಡವಾದರೂ ನಿಮ್ಮ ಊರಿನ ದೀಪ ಆರದಿರುವುದು ಈ ಹೊಂದಾಣಿಕೆಯಿಂದಲೇ. ಇಡೀ ದೇಶದ ಜಾಲ 50 ಹರ್ಟ್ಸ್ ಆವರ್ತನದ ಆಸುಪಾಸಿನಲ್ಲೇ ನಡೆಯಬೇಕು. ಬೇಡಿಕೆ ಹೆಚ್ಚಾದರೆ ಅದು ಇಳಿಯುತ್ತದೆ, ಪೂರೈಕೆ ಹೆಚ್ಚಾದರೆ ಏರುತ್ತದೆ. ಈ ಕಾವಲು ಪಂಚಾಯಿತಿಗೊಂದರಂತೆ ನಡೆಯುವ ಕೆಲಸವಲ್ಲ.

ನಿಮ್ಮ ಊರು ಜಾಲವನ್ನು ಪೂರ್ತಿ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡೋಣ. ನಾನೂರು ಮನೆಗಳಿವೆ ಎಂದುಕೊಳ್ಳಿ. ಸಂಜೆ ಏಳರಿಂದ ಹನ್ನೊಂದರವರೆಗೆ ಮನೆಗೆ ಸರಾಸರಿ 300 ವಾಟ್ ಬೇಕಾದರೆ ಒಟ್ಟು 120 ಕಿಲೋವಾಟ್, ನಾಲ್ಕು ಗಂಟೆಗೆ 480 ಯೂನಿಟ್. ಆ ಹೊತ್ತಿನಲ್ಲಿ ಬಿಸಿಲಿಲ್ಲ. ಎಲ್ಲವೂ ಬ್ಯಾಟರಿಯಿಂದಲೇ ಬರಬೇಕು. ಒಂದು ಕಿಲೋವಾಟ್ ಫಲಕ ನಮ್ಮ ಭಾಗದಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ತುಂಬುವಾಗ, ತೆಗೆಯುವಾಗ ಆಗುವ ನಷ್ಟವನ್ನೂ ಸೇರಿಸಿದರೆ ಸಂಜೆಯ ಬಳಕೆಗಷ್ಟೇ ಸುಮಾರು 140 ಕಿಲೋವಾಟ್ ಫಲಕಗಳು ಬೇಕು. ಅಷ್ಟಕ್ಕೆ ಒಂದು ಎಕರೆಯೊಳಗಿನ ಜಾಗ ಸಾಕು, ಅದು ದೊಡ್ಡ ಮಾತಲ್ಲ. ತೊಡಕು ಇರುವುದು ಶ್ರಾವಣದಲ್ಲಿ. ಮೋಡ ಕವಿದು ಮೂರು ದಿನ ಬಿಸಿಲು ಕಾಣದಿದ್ದರೆ ಮೂರು ಪಟ್ಟು ಬ್ಯಾಟರಿ ಬೇಕಾಗುತ್ತದೆ, ಮತ್ತು ಆ ಹೆಚ್ಚುವರಿ ಬ್ಯಾಟರಿ ವರ್ಷದ ಉಳಿದ ದಿನಗಳಲ್ಲಿ ಸುಮ್ಮನೆ ಕುಳಿತು ಹಳೆಯದಾಗುತ್ತಿರುತ್ತದೆ. ಇದರ ಮೇಲೆ ಹಿಟ್ಟಿನ ಗಿರಣಿ: ಅದರ ಮೋಟಾರು ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಸಣ್ಣ ಇನ್ವರ್ಟರ್ ಅದನ್ನು ತಾಳಲಾರದೆ ಟ್ರಿಪ್ ಆಗುತ್ತದೆ. ಜಾಲಕ್ಕೆ ಇಂಥ ಎಳೆತ ಗೊತ್ತೂ ಆಗುವುದಿಲ್ಲ. ಆದ್ದರಿಂದ "ಜೆಸ್ಕಾಂ ಹಂಗೇ ಬೇಡ" ಎಂಬ ನಿರ್ಣಯವನ್ನು ನಾನು ಒಪ್ಪುವುದಿಲ್ಲ.

ಹಾಗೆಂದು ನಿಮ್ಮ ಊರಿನವರ ಆಸೆಯೂ ತಪ್ಪಲ್ಲ. ಅವರು ತಪ್ಪು ಕಡೆಯಿಂದ ಆರಂಭಿಸಿದ್ದಾರೆ ಅಷ್ಟೇ. ಮನೆಯ ದೀಪಕ್ಕಿಂತ ಮೊದಲು ಕುಡಿಯುವ ನೀರಿನ ಮೋಟಾರನ್ನು ನೋಡಿ. 80 ಮೀಟರ್ ಆಳದ ಕೊಳವೆಬಾವಿಯಿಂದ 50,000 ಲೀಟರ್ ನೀರನ್ನು ಮೇಲಿನ ಟ್ಯಾಂಕಿಗೆ ಎತ್ತಲು, ಪಂಪಿನ ನಷ್ಟಗಳೂ ಸೇರಿ, ಸುಮಾರು 25 ಯೂನಿಟ್ ಬೇಕು. ಆರೇಳು ಕಿಲೋವಾಟ್ ಫಲಕ ಇದನ್ನು ಹಗಲಿನಲ್ಲಿ ಮಾಡಿ ಮುಗಿಸುತ್ತದೆ. ಇಲ್ಲಿ ಬ್ಯಾಟರಿ ಬೇಕಿಲ್ಲ, ಏಕೆಂದರೆ ಸಂಗ್ರಹವಾಗಬೇಕಾದದ್ದು ನೀರು, ಮತ್ತು ಅದಕ್ಕೆ ಟ್ಯಾಂಕು ಈಗಾಗಲೇ ನಿಂತಿದೆ. ರಾತ್ರಿ ಕರೆಂಟ್ ಹೋದರೂ ನಲ್ಲಿಯಲ್ಲಿ ನೀರು ಬರುತ್ತದೆ. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದ ಕರೇಜನ್ನು ನೀವು ನೋಡಿರಬಹುದು. ನೆಲದಡಿಯ ಸುರಂಗದಲ್ಲಿ ನೀರು ಬರೀ ಇಳಿಜಾರಿನ ಬಲದಿಂದಲೇ ಹರಿಯುವಂತೆ ಕಟ್ಟಿದ ಆ ವ್ಯವಸ್ಥೆಯನ್ನು ಕಟ್ಟಿಸಲು ಸುಲ್ತಾನನ ಬೊಕ್ಕಸ ಬೇಕಾಯಿತು, ದಿನವೂ ನಡೆಸಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಮೇಲಿನವರ ಹಣ ಮತ್ತು ಕೆಳಗಿನವರ ಸ್ವಾತಂತ್ರ್ಯ ಒಟ್ಟಿಗೆ ಇರಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನೊಂದು ನಡುದಾರಿಯೂ ಇದೆ. ಕೃಷಿಗೆ ಸೌರವಿದ್ಯುತ್ತು ಒದಗಿಸಲು ಕೇಂದ್ರ ಸರ್ಕಾರ ತಂದ ಕುಸುಮ್ ಯೋಜನೆಯ ಒಂದು ಭಾಗದಲ್ಲಿ 500 ಕಿಲೋವಾಟಿನಿಂದ ಎರಡು ಮೆಗಾವಾಟ್‌ವರೆಗಿನ ಸ್ಥಾವರವನ್ನು ರೈತರು, ಸಹಕಾರ ಸಂಘಗಳು, ಪಂಚಾಯಿತಿಗಳು ಸಬ್‌ಸ್ಟೇಷನ್ನಿನ ಸಮೀಪ ಹಾಕಿಕೊಂಡು ವಿದ್ಯುತ್ತನ್ನು ಕಂಪನಿಗೆ ಮಾರಲು ಅವಕಾಶ ಕಲ್ಪಿಸಲಾಗಿದೆ. ಇನ್ನೊಂದು ಭಾಗದಲ್ಲಿ ಪಂಪ್‌ಸೆಟ್ಟಿನ ಫೀಡರನ್ನೇ ಸೌರ ವಿದ್ಯುತ್ತಿಗೆ ಒಳಪಡಿಸಬಹುದು. ಉದ್ದನೆಯ 11 ಕಿಲೋವೋಲ್ಟ್ ಲೈನಿನ ಬಾಲದ ತುದಿಯಲ್ಲಿರುವ ಹೊಲಗಳಲ್ಲಿ ವೋಲ್ಟೇಜು ಕುಸಿದು ಮೋಟಾರು ಸುಡುವುದು, ಟಿಸಿ (ಟ್ರಾನ್ಸ್‌ಫಾರ್ಮರ್) ಕೆಡುವುದು ನಿಮಗೆ ಹೊಸದಲ್ಲ. ಅದೇ ತುದಿಯಲ್ಲಿ ಹಗಲು ವಿದ್ಯುತ್ತು ಹುಟ್ಟಿದರೆ ವೋಲ್ಟೇಜು ಎದ್ದು ನಿಲ್ಲುತ್ತದೆ. ಜಾಲವನ್ನು ಬಿಡದೆಯೂ ಊರು ಮಾರಾಟಗಾರನ ಸ್ಥಾನದಲ್ಲಿ ಕುಳಿತುಕೊಳ್ಳುವ ದಾರಿ ಇದು.

ಜಾಲದಿಂದ ಹೊರಹೋಗಲು ಶಕ್ತಿ ಇರುವವರು ಯಾರು ಎಂಬುದನ್ನು ಜನ ಸಾಮಾನ್ಯವಾಗಿ ಗಮನಿಸುವುದಿಲ್ಲ. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ಸ್ವಂತ ವಿದ್ಯುತ್ ಸ್ಥಾವರಗಳಿವೆ. 2003ರ ವಿದ್ಯುತ್ ಕಾಯ್ದೆಯಿಂದ ಅಂಥವರ ಹಾದಿ ಇನ್ನಷ್ಟು ಸಲೀಸಾಯಿತು. ಇದೂ ವಿಕೇಂದ್ರೀಕರಣವೇ. ಆದರೆ ಹೆಚ್ಚಿನ ದರ ಕೊಡುತ್ತಿದ್ದ ದೊಡ್ಡ ಗ್ರಾಹಕ ಹೊರಗೆ ಹೋದಾಗ ತಂತಿ, ಕಂಬ, ಸಿಬ್ಬಂದಿಯ ಖರ್ಚು ಉಳಿದವರ ತಲೆಯ ಮೇಲೆ ಹಂಚಿಕೆಯಾಗುತ್ತದೆ. ಬಲವಿದ್ದವರು ಮೊದಲು ಹೊರಟು, ಬಡವರು ಮಾತ್ರ ಒಳಗೆ ಉಳಿದ ಜಾಲ ಎಂಥದಾಗಿರುತ್ತದೆ ಎಂದು ಊಹಿಸಿಕೊಳ್ಳಿ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಅದನ್ನು ಈಗಾಗಲೇ ನೋಡುತ್ತಿದ್ದೇವೆ. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲೇ ಚಾಲನೆ ಪಡೆದ ಗೃಹಜ್ಯೋತಿ ಎಂಬ ಉಚಿತ ವಿದ್ಯುತ್ ಯೋಜನೆಯಿಂದ ಇನ್ನೊಂದು ಪರಿಣಾಮವೂ ಆಗಿದೆ. ಬಿಲ್ಲೇ ಬಾರದ ಮನೆಯವರು ಮಾಳಿಗೆಯ ಮೇಲೆ ಫಲಕಕ್ಕೆ ಹಣ ಹೂಡಲು ಕಾರಣವೇ ಇಲ್ಲ. ಬಡವರ ಮನೆಗೆ ಉಚಿತ ವಿದ್ಯುತ್ತು ತಪ್ಪೆಂದು ನಾನು ಹೇಳುತ್ತಿಲ್ಲ. ಅದರ ಹಣ ಕಂಪನಿಯ ದಾರಿಯಲ್ಲೇ ಬರುವುದರಿಂದ ಊರಿನ ಸ್ವಂತ ಉತ್ಪಾದನೆಗೆ ಅದು ನೆರವಾಗುವುದಿಲ್ಲ ಎನ್ನುತ್ತಿದ್ದೇನೆ.

ಈಗ ಸರ್ಕಾರದ ವಿಷಯ. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅದರಲ್ಲಿ ಹದಿನಾಲ್ಕನೆಯದು ವಿದ್ಯುತ್ ವಿತರಣೆಯೂ ಸೇರಿದ ಗ್ರಾಮೀಣ ವಿದ್ಯುದೀಕರಣ, ಹದಿನೈದನೆಯದು ಅಸಾಂಪ್ರದಾಯಿಕ ಇಂಧನ ಮೂಲಗಳು. ಹೀಗೆ ಬರೆದದ್ದನ್ನು ಓದಿದರೆ ನಿಮ್ಮ ಪಂಚಾಯಿತಿಯೇ ಜೆಸ್ಕಾಂ ಆಗಿರಬೇಕಿತ್ತು! ನಿಜದಲ್ಲಿ ವಿದ್ಯುತ್ತು ಸಮವರ್ತಿ ಪಟ್ಟಿಯಲ್ಲಿದೆ, ಪರವಾನಗಿ ಕಂಪನಿಯ ಬಳಿ ಇದೆ, ದರವನ್ನು ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿಪಡಿಸುತ್ತದೆ, ಪಂಚಾಯಿತಿ ಬೀದಿದೀಪ ಮತ್ತು ನೀರಿನ ಮೋಟಾರಿನ ಬಿಲ್ಲು ಬಾಕಿ ಉಳಿಸಿಕೊಂಡ ಒಬ್ಬ ಗ್ರಾಹಕ ಮಾತ್ರ. ಕಾನೂನು ಬೇರೆ ರೀತಿ ಇರಲು ಸಾಧ್ಯವೇ ಇಲ್ಲವೆಂದಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇಂದಿಗೂ ಆ ಭಾಗದ ವಿತರಣೆಯನ್ನು ನಡೆಸುತ್ತಿದೆ. ಅದು ವಿದ್ಯುತ್ತನ್ನು ತಯಾರಿಸುವುದಿಲ್ಲ, ಜಾಲದಿಂದ ಕೊಂಡು ತಂದು ಹಂಚುತ್ತದೆ. ಉತ್ಪಾದನೆ ದೂರದ್ದು, ಆಡಳಿತ ಹತ್ತಿರದ್ದು. ನನ್ನ ಪರಿಚಿತರ ಮಾಳಿಗೆಯ ಪರಿಸ್ಥಿತಿಗೆ ಇದು ಪೂರ್ತಿ ತಿರುವುಮುರುವು, ಮತ್ತು ಊರಿನ ಸ್ವಾತಂತ್ರ್ಯದ ದೃಷ್ಟಿಯಿಂದ ಇದೇ ಹೆಚ್ಚು ಬೆಲೆಯುಳ್ಳದ್ದೆಂದು ನನ್ನ ಅಭಿಪ್ರಾಯ.

1983ರ ಕಾಯ್ದೆಯ ಮೂಲಕ ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರು ತಂದ ಜಿಲ್ಲಾ ಪರಿಷತ್ತುಗಳಲ್ಲಿ, 1987ರ ಚುನಾವಣೆಯ ನಂತರ, ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯಾಗಿರುತ್ತಿದ್ದರು. ಅಧಿಕಾರಿಯ ಜ್ಯೇಷ್ಠತೆಯಂಥ ಸಣ್ಣ ಸಂಗತಿಯಲ್ಲೇ ಅಧಿಕಾರ ನಿಜವಾಗಿ ಕೆಳಗಿಳಿದಿದೆಯೇ ಎಂಬುದು ಗೊತ್ತಾಗುತ್ತದೆ. ಅದೇ ರಾಜ್ಯದಲ್ಲಿ 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳೇ ಅವನ್ನು ನಡೆಸಿದರು. ಸಂಸ್ಥೆ ಕೆಳಗಿದ್ದರೂ ಅದರ ಉಸಿರು ಮೇಲಿನವರ ಕೈಯಲ್ಲಿತ್ತು. ತಂತಿ ಸತ್ತಾಗ ನಿಲ್ಲುವ ಇನ್ವರ್ಟರಿನ ಹಾಗೆಯೇ.

ಬೀದರಿನ ಇತಿಹಾಸದಲ್ಲಿ ಇದರ ಇನ್ನೊಂದು ಮುಖವಿದೆ. ಬಹಮನಿ ರಾಜ್ಯ ಗುಲ್ಬರ್ಗ, ಬೀದರ್, ದೌಲತಾಬಾದ್, ಬೇರಾರ್ ಎಂಬ ನಾಲ್ಕು ಪ್ರಾಂತಗಳು, ಅಂದರೆ ತರಫ್‌ಗಳಾಗಿತ್ತು, ಮತ್ತು ತರಫ್‌ದಾರರ ಬಳಿ ಕಂದಾಯವೂ ಇತ್ತು, ಸೈನ್ಯವೂ ಇತ್ತು, ಕೋಟೆಗಳೂ ಇದ್ದವು. ವಜೀರ ಮಹಮೂದ್ ಗವಾನ್ ನಾಲ್ಕನ್ನು ಎಂಟಾಗಿ ಒಡೆದ, ಒಬ್ಬೊಬ್ಬ ತರಫ್‌ದಾರನ ಕೈಯಲ್ಲಿ ಒಂದೊಂದೇ ಕೋಟೆ ಉಳಿಸಿ ಉಳಿದವನ್ನು ಕೇಂದ್ರದ ವಶಕ್ಕೆ ತಂದ, ಭೂಮಿಯ ಅಳತೆ ಮಾಡಿಸಿದ. ಆಡಳಿತದ ದೃಷ್ಟಿಯಿಂದ ಎಲ್ಲವೂ ಸರಿಯಾದ ಸುಧಾರಣೆಗಳೇ. ಆದರೆ ಅಧಿಕಾರ ಕಳೆದುಕೊಂಡವರಿಗೆ ಬದಲಾಗಿ ಏನೂ ಸಿಗಲಿಲ್ಲ, ಮತ್ತು ಇಡೀ ಏರ್ಪಾಡು ಒಬ್ಬನೇ ಮನುಷ್ಯನ ಮೇಲೆ ನಿಂತಿತ್ತು. 1481ರಲ್ಲಿ ಖೊಟ್ಟಿ ಪತ್ರವೊಂದನ್ನು ನಂಬಿ ಸುಲ್ತಾನ ಅವನ ತಲೆ ತೆಗೆಸಿದ. ಮುಂದಿನ ಕೆಲವು ದಶಕಗಳಲ್ಲಿ ರಾಜ್ಯ ಐದು ಹೋಳಾಯಿತು. ಕೇಂದ್ರೀಕರಣದಿಂದ ಒಡೆಯಿತೋ, ವಿಕೇಂದ್ರೀಕರಣದಿಂದ ಒಡೆಯಿತೋ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನನ್ನ ಕಣ್ಣಿಗೆ ಕಾಣುವುದು ಎಂಜಿನಿಯರ್ ಕಾಣುವ ದೋಷ: ಒಂದೇ ಕೀಲು, ಅದಕ್ಕೆ ಬದಲಿ ಕೀಲು ಇಲ್ಲ.

ಹತ್ತಿರದ ಅಧಿಕಾರವೆಲ್ಲ ಒಳ್ಳೆಯದೆಂಬ ಭ್ರಮೆಯೂ ಬೇಡ. ಪಹಣಿ ಪುಸ್ತಕ ಗ್ರಾಮ ಲೆಕ್ಕಿಗರ ಚೀಲದಲ್ಲಿದ್ದ ಕಾಲವನ್ನು ನಿಮ್ಮ ತಂದೆಯವರನ್ನು ಕೇಳಿ ತಿಳಿಯಿರಿ. ಅಧಿಕಾರ ಊರಲ್ಲೇ ಇತ್ತು, ಆದರೆ ಆ ಪುಸ್ತಕವನ್ನು ಇನ್ನೊಬ್ಬರು ನೋಡುವಂತಿರಲಿಲ್ಲ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಸುಮಾರು 67 ಲಕ್ಷ ಭೂಮಾಲೀಕರ ದಾಖಲೆಗಳನ್ನು ಗಣಕಕ್ಕೆ ಏರಿಸಿ, ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದಿತು. ಅದು ಕೇಂದ್ರೀಕರಣವೇ ಸರಿ. ಆದರೂ ಸಾಮಾನ್ಯ ರೈತ 15 ರೂಪಾಯಿ ಕೊಟ್ಟು ತನ್ನ ದಾಖಲೆ ಕೈಗೆ ಪಡೆದದ್ದು ಅದರಿಂದಲೇ. ಅದೇ ರೀತಿ, ನಮ್ಮ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ವಿಧಿಯ ಫಲವಾಗಿ ಪ್ರದೇಶಾಭಿವೃದ್ಧಿ ಮಂಡಳಿ ಕಲಬುರಗಿಗೆ ಬಂದದ್ದು ನಮಗೆ ಸಂತೋಷವೇ, ಆದರೆ ಯಾದಗಿರಿಯ ಶಹಾಪುರದಲ್ಲಿ ಕುಳಿತವರಿಗೆ ಬೆಂಗಳೂರಿನ ಬದಲು ಕಲಬುರಗಿ ಎಂಬ ಇನ್ನೊಂದು ರಾಜಧಾನಿ ಸಿಕ್ಕಿತು ಎನಿಸಬಹುದು. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಜಿಲ್ಲೆಗಳನ್ನು ಬಿಟ್ಟು ತಾಲ್ಲೂಕುಗಳನ್ನೇ ಅಳತೆಗೋಲಾಗಿ ಹಿಡಿದು, ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದಲ್ಲೇ ಇವೆ ಎಂದು ತೋರಿಸಿದ್ದು ಈ ಕಾರಣಕ್ಕೆ ಮುಖ್ಯವಾದದ್ದು.

ತಂತ್ರಜ್ಞಾನದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಒಂದು ಕೇಂದ್ರ ಹೊಡೆತ ತಿಂದರೂ ಸಂದೇಶ ಬೇರೆ ದಾರಿಯಲ್ಲಿ ಹೋಗುವಂಥ ಜಾಲವನ್ನು 1964ರಲ್ಲಿ ಅಮೆರಿಕದ ಎಂಜಿನಿಯರ್ ಪಾಲ್ ಬ್ಯಾರನ್ ವಿವರಿಸಿದ್ದರು, ಮತ್ತು ಅಂತರಜಾಲದ ತಳಪಾಯದಲ್ಲಿ ಇಂದಿಗೂ ಆ ಗುಣವಿದೆ. ಅದರ ಮೇಲೆ ನಾವು ಕಟ್ಟಿಕೊಂಡ ಮನೆಗಳು ಮಾತ್ರ ಮತ್ತೆ ಒಂದೇ ಕಂಬದ ಮೇಲೆ ನಿಂತಿವೆ. 2021ರ ಅಕ್ಟೋಬರ್ 4ರಂದು ಒಂದು ಕಂಪನಿಯ ಸಂರಚನೆಯ ತಪ್ಪಿನಿಂದ ಜಗತ್ತಿನಾದ್ಯಂತ ವಾಟ್ಸ್ಆ್ಯಪ್ ಸುಮಾರು ಆರು ಗಂಟೆ ಸ್ಥಗಿತವಾಯಿತು. 2024ರ ಜುಲೈ 19ರಂದು ಒಂದು ಭದ್ರತಾ ತಂತ್ರಾಂಶದ ದೋಷಪೂರಿತ ಪರಿಷ್ಕರಣೆಯಿಂದ ಸುಮಾರು 85 ಲಕ್ಷ ಗಣಕಗಳು ಕೆಲಸ ನಿಲ್ಲಿಸಿ, ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ನಿಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಮೂಟೆ ಎದುರಿಗೇ ಇದ್ದು, ಕಾರ್ಡುದಾರರೂ ಎದುರಿಗೇ ನಿಂತು, ಅಂಗಡಿಯವರಿಗೆ ಅವರ ಪರಿಚಯವೂ ಇದ್ದು, "ಸರ್ವರ್ ಇಲ್ರೀ, ನಾಳಿ ಬರ್ರಿ" ಎಂಬ ಉತ್ತರ ಸಿಗುವುದನ್ನು ನೀವು ಕೇಳಿದ್ದೀರಿ. ದೂರದ ಕಡತ ಕಳ್ಳ ಕಾರ್ಡುಗಳನ್ನು ತಡೆಯುತ್ತದೆ ಎಂಬುದು ನಿಜ. ಆದರೆ ಅದು ಸಿಗದ ದಿನ ಸಹಿ ಹಾಕಿಸಿಕೊಂಡು ಅಕ್ಕಿ ಕೊಡುವ ಅಧಿಕಾರ ಅಂಗಡಿಯಲ್ಲಿ ಇರದಿದ್ದರೆ, ಕೂಲಿ ಬಿಟ್ಟು ಬಂದವರ ಒಂದು ದಿನ ಹೋಗುತ್ತದೆ, ಮತ್ತು ಆ ನಷ್ಟ ಯಾವ ಸರ್ವರಿನ ಲೆಕ್ಕಕ್ಕೂ ಬರುವುದಿಲ್ಲ.

ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಜಾಲದ ಸಂಪರ್ಕವನ್ನು ಉಳಿಸಿಕೊಳ್ಳಿ. ಅದು ಕೈಕೊಟ್ಟ ದಿನವೂ ನಿಲ್ಲಬಾರದ ಕೆಲಸಗಳು ಯಾವುವೆಂದು ಗ್ರಾಮಸಭೆಯಲ್ಲಿ ಪಟ್ಟಿ ಮಾಡಿ. ನನ್ನ ಅಂದಾಜಿನಲ್ಲಿ ನೀರಿನ ಮೋಟಾರು, ಆರೋಗ್ಯ ಉಪಕೇಂದ್ರದ ದೀಪ ಮತ್ತು ಫ್ರಿಜ್ಜು, ಪಂಚಾಯಿತಿ ಕಚೇರಿಯ ಒಂದು ಗಣಕ, ಇಷ್ಟೇ ಉಳಿಯುತ್ತವೆ. ಮೊದಲನೆಯದಕ್ಕೆ ಟ್ಯಾಂಕೇ ಸಾಕು, ಉಳಿದವಕ್ಕೆ ಹೊರಗಿನ ತಂತಿಯಿಂದ ತಾನಾಗಿ ಬೇರ್ಪಟ್ಟು ಬ್ಯಾಟರಿಯಿಂದ ನಡೆಯುವ ಹೈಬ್ರಿಡ್ ಇನ್ವರ್ಟರ್ ಕೇಳಿ. ಟೆಂಡರಿನಲ್ಲಿ ಈ ಒಂದು ಪದ ಇಲ್ಲದಿದ್ದರೆ ಗುತ್ತಿಗೆದಾರರು ಅಗ್ಗದ್ದನ್ನೇ ತಂದು ಕೂಡಿಸುತ್ತಾರೆ. ಅದಕ್ಕೂ ಮೊದಲು ಪಂಚಾಯಿತಿಯ ಎಲ್ಲ ಆರ್‌ಆರ್ ನಂಬರುಗಳ (ಪ್ರತಿ ವಿದ್ಯುತ್ ಸಂಪರ್ಕದ ಗುರುತು ಸಂಖ್ಯೆ) ಒಂದು ವರ್ಷದ ಬಿಲ್ಲುಗಳನ್ನು ಶಾಖಾಧಿಕಾರಿಗಳ ಕಚೇರಿಯಿಂದ ತರಿಸಿಕೊಳ್ಳಿ. ಸಂಪರ್ಕ ಕಡಿದುಹೋದ ಮೋಟಾರಿಗೂ ಬಿಲ್ಲು ಬರುತ್ತಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ಕಂಡಿದ್ದೇನೆ. ದರ ಪರಿಷ್ಕರಣೆಗೆ ಮುನ್ನ ಆಯೋಗ ನಡೆಸುವ ಸಾರ್ವಜನಿಕ ವಿಚಾರಣೆಗೆ ಆ ಲೆಕ್ಕದೊಂದಿಗೆ ಲಿಖಿತ ಆಕ್ಷೇಪಣೆ ಕೊಡಿ.

ಬ್ಯಾಟರಿ ಬದಲಿಸುವ ಹಣವನ್ನು ಮೊದಲ ವರ್ಷದಿಂದಲೇ ಬೇರೆ ಖಾತೆಯಲ್ಲಿ ಇಡಬೇಕು. ನಾನು ವಿದ್ಯಾರ್ಥಿಗಳೊಂದಿಗೆ ನೋಡಲು ಹೋಗಿದ್ದ ಒಂದು ಊರಿನಲ್ಲಿ ಸೌರದೀಪದ ಕಂಬಗಳೆಲ್ಲ ನೆಟ್ಟಗೆ ನಿಂತಿದ್ದವು, ಪೆಟ್ಟಿಗೆಗಳು ಮಾತ್ರ ಖಾಲಿ ಇದ್ದವು. ಬ್ಯಾಟರಿ ಯಾರು ಒಯ್ದರೆಂದು ಎಲ್ಲರಿಗೂ ಗೊತ್ತಿತ್ತು, ಕೇಳುವ ಹೊಣೆ ಯಾರದೆಂದು ಯಾರಿಗೂ ಗೊತ್ತಿರಲಿಲ್ಲ. ನಿಮ್ಮ ಠರಾವಿನಲ್ಲಿ ಬ್ಯಾಟರಿ ಕೋಣೆಯ ಕೀಲಿಕೈ ವಾಟರ್‌ಮನ್ ಬಳಿ ಒಂದು, ಸ್ವಸಹಾಯ ಸಂಘದ ಅಧ್ಯಕ್ಷೆಯ ಬಳಿ ಒಂದು ಇರತಕ್ಕದ್ದು ಎಂದು ಹೆಸರು ಸಹಿತ ಬರೆಸಿಬಿಡಿ.